ಶೂನ್ಯ ಟಿಕೆಟ್ ಎಣಿಸುವ ಮುಂಚೆ ಹಳೇ ಪಾಸ್ ಎಣಿಸಿ

ಹೆಂಗಸರಿಗೆ ಸಾಮಾನ್ಯ ಬಸ್ ಉಚಿತ ಮಾಡಿದ ಶಕ್ತಿ ಯೋಜನೆಯಿಂದ ಬೆಂಗಳೂರಿನ ಹೆಂಗಸರ ಓಡಾಟ ಎಷ್ಟು ಹೆಚ್ಚಾಯಿತು ಅಂತ ಎಂ.ಎ. ಪ್ರಬಂಧ ಬರೀಬೇಕು, ಬಿಎಂಟಿಸಿ ಟಿಕೆಟ್ ಲೆಕ್ಕ ತಗೊಂಡು ಗಂಡಸರ ಜೊತೆ ಹೋಲಿಸಿದರೆ ಸಾಕಾ, ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಕೇಳಿದ್ದೀರಿ. ಸಾಲದು. ಇದೇ ದಾರಿ ಹಿಡಿದು ನಾನು ಒಂದು ಸಂಸ್ಥೆಗೆ ವರದಿ ಬರೆದಿದ್ದೆ. ಅದರ ಮುಖ್ಯ ಅಧ್ಯಾಯವನ್ನೇ ಕೊನೆಗೆ ಕಿತ್ತುಹಾಕಬೇಕಾಯಿತು. ಕೂಡಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ಟಿಕೆಟ್ ಅನ್ನುವುದು ಏನನ್ನು ಎಣಿಸುತ್ತದೆ ಅಂತ ಕೇಳಿಕೊಂಡಿರಲಿಲ್ಲ.

ಯೋಜನೆ ಶುರುವಾದ 2023ರ ಜೂನ್ 11ಕ್ಕೆ ಮುಂಚೆ ದಿನಾ ಬಸ್ಸಲ್ಲಿ ಓಡಾಡುತ್ತಿದ್ದ ಅನೇಕ ಹೆಂಗಸರ ಹತ್ತಿರ ಪಾಸ್ ಇತ್ತು. ಆಗ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,050 ರೂಪಾಯಿ, ದಿನದ ಪಾಸ್ 70 ರೂಪಾಯಿ ಇತ್ತು. ತಿಂಗಳ ಪಾಸ್ ತೋರಿಸಿದವರಿಗೆ ಕಂಡಕ್ಟರ್ ಟಿಕೆಟ್ ಕೊಡುವುದಿಲ್ಲ. ಅವರು ದಿನಕ್ಕೆ ನಾಲ್ಕು ಬಸ್ ಹತ್ತಿದರೂ ಟಿಕೆಟ್ ಮಷಿನ್‌ನಲ್ಲಿ ಗುರುತಿಲ್ಲ. ಜೂನ್ 11ರ ನಂತರ ಅದೇ ಹೆಂಗಸು ಪಾಸ್ ಕೊಳ್ಳುವುದನ್ನು ನಿಲ್ಲಿಸಿದಳು, ಹತ್ತಿದ ಪ್ರತಿ ಬಸ್ಸಿಗೂ ದುಡ್ಡಿಲ್ಲದ ಒಂದು ಶೂನ್ಯ ಟಿಕೆಟ್ ಬರತೊಡಗಿತು. ಓಡಾಟ ಅಷ್ಟೇ ಇದ್ದರೂ ದಾಖಲೆಯಲ್ಲಿ ಅವಳು ಸೊನ್ನೆಯಿಂದ ನಾಲ್ಕಾದಳು.

ವಿವರಿಸುವುದಕ್ಕೆ ನಾನೇ ಒಂದು ಅಂಕಿ ಇಡುತ್ತೇನೆ. ಒಂದು ಮಾರ್ಗದಲ್ಲಿ ದಿನಕ್ಕೆ 1,000 ಸಲ ಹೆಂಗಸರು ಬಸ್ ಹತ್ತುತ್ತಿದ್ದರು, 600 ಸಲ ಟಿಕೆಟ್ ತಗೊಂಡು, 400 ಸಲ ಪಾಸ್ ತೋರಿಸಿ ಅಂದುಕೊಳ್ಳಿ. ಯೋಜನೆ ಬಂದ ಮೇಲೂ ಅದೇ 1,000. ಆದರೆ ಟಿಕೆಟ್ 600ರಿಂದ 1,000ಕ್ಕೆ, ಅಂದರೆ ಶೇ. 67ರಷ್ಟು ಏರಿಕೆ! ನಾನು ಇಂಥ ಏರಿಕೆಯನ್ನೇ ‘ಹೊಸ ಪ್ರಯಾಣ’ ಅಂತ ಬರೆದಿದ್ದೆ. ಹೊಸ ಪ್ರಯಾಣ ಇರಲಿಲ್ಲ ಅನ್ನುತ್ತಿಲ್ಲ. ಖಂಡಿತ ಇತ್ತು, ಎಷ್ಟು ಅಂತ ಈ ಅಂಕಿ ಹೇಳುವುದಿಲ್ಲ, ಅಷ್ಟೆ. ಇನ್ನೂ ಒಂದಿದೆ: ಟಿಕೆಟ್ ಅಂದರೆ ಒಂದು ಸಲ ಬಸ್ ಹತ್ತಿದ್ದು. ನೆಲಮಂಗಲದಿಂದ ಮೆಜೆಸ್ಟಿಕ್‌ಗೆ ಬಂದು, ಬಸ್ ಬದಲಿಸಿ ಬೊಮ್ಮನಹಳ್ಳಿಗೆ ಹೋದರೆ ಪ್ರಯಾಣ ಒಂದು, ಟಿಕೆಟ್ ಎರಡು. ‘ಇಷ್ಟು ಕೋಟಿ ಮಹಿಳೆಯರು’ ಅಂತ ಎಲ್ಲಾದರೂ ಓದಿದರೆ ಅದನ್ನು ‘ಇಷ್ಟು ಕೋಟಿ ಸಲ’ ಅಂತ ತಿದ್ದಿ ಓದಿ.

ಉಳಿತಾಯದ ಲೆಕ್ಕದಲ್ಲೂ ಇದೇ ತಪ್ಪು ನುಸುಳುತ್ತದೆ. ಶೂನ್ಯ ಟಿಕೆಟ್‌ಗಳ ಮೌಲ್ಯವನ್ನು, ಅಂದರೆ ಉಚಿತ ಇಲ್ಲದಿದ್ದರೆ ಕೊಡಬೇಕಿದ್ದ ದರವನ್ನು ಕೂಡಿ, ಹೆಂಗಸರಿಗೆ ಅಷ್ಟು ಹಣ ಉಳಿಯಿತು ಅನ್ನುತ್ತಾರೆ. ತಿಂಗಳಿಗೆ 26 ದಿನ, ದಿನಕ್ಕೆ ನಾಲ್ಕು ಬಸ್, ಒಂದೊಂದಕ್ಕೆ 15 ರೂಪಾಯಿ ಹಿಡಿದರೆ ಮೌಲ್ಯ 1,560 ರೂಪಾಯಿ. ಆದರೆ ಅವಳು ಮುಂಚೆ ಕೊಡುತ್ತಿದ್ದದ್ದು ಪಾಸಿನ 1,050. ಇನ್ನು ಎರಡು ಕಿಲೋಮೀಟರ್ ನಡೆದೇ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು ಈಗ ಬಸ್ ಹತ್ತಿದರೆ ದುಡ್ಡು ಉಳಿದಿಲ್ಲ, ಕಾಲ ಉಳಿದಿದೆ, ಕಾಲುನೋವು ತಪ್ಪಿದೆ. ನನ್ನ ಕಣ್ಣಿಗೆ ಅದು ದುಡ್ಡಿಗಿಂತ ದೊಡ್ಡ ಪರಿಣಾಮ. ಅದನ್ನು ರೂಪಾಯಿಗೆ ಇಳಿಸದೆ ನಿಮಿಷದಲ್ಲೇ ಬರೆಯಿರಿ.

ಗಂಡಸರ ಹೋಲಿಕೆ ಬೇಡ ಅನ್ನುವುದಕ್ಕೂ ಕಾರಣ ಇದೆ. ಯೋಜನೆಗೆ ಮುಂಚಿನ ಸಾಮಾನ್ಯ ಟಿಕೆಟ್‌ನಲ್ಲಿ ದೊಡ್ಡವರು, ಮಕ್ಕಳು ಅನ್ನುವ ಭೇದ ಇತ್ತು. ಹೆಣ್ಣು, ಗಂಡು ಅಂತ ಇರಲಿಲ್ಲ. ಮುಂಚಿನ ಗೆರೆಯೇ ಇಲ್ಲದ ಮೇಲೆ ಯಾವುದಕ್ಕೆ ಹೋಲಿಸುತ್ತೀರಿ? ಜೊತೆಗೆ ಬಸ್ ತುಂಬಿದಾಗ ಜಾಗ ಸಿಗದೆ ಬೈಕ್ ಹತ್ತುವವರೂ ಗಂಡಸರೇ. ಯೋಜನೆ ಅವರನ್ನೂ ಮುಟ್ಟಿದೆ.

ಬದಲಿಗೆ ಹೋಲಿಕೆಯನ್ನು ಪಾಸಿನ ಮೇಲೇ ನಿಲ್ಲಿಸಿ. ತಿಂಗಳ ಪಾಸ್ ಇದ್ದವಳಿಗೆ ಮುಂಚೆಯೂ ಇನ್ನೊಂದು ಬಸ್ ಹತ್ತಲು ಹೆಚ್ಚಿನ ಖರ್ಚಿರಲಿಲ್ಲ. ಶಕ್ತಿಯಿಂದ ಅವಳಿಗೆ 1,050 ಉಳಿಯಿತು, ಇನ್ನೊಂದು ಸಲ ಬಸ್ ಹತ್ತುವ ದರ ಬದಲಾಗಲಿಲ್ಲ. ದಿನಾ ಚಿಲ್ಲರೆ ಕೊಟ್ಟು ಟಿಕೆಟ್ ತಗೊಳ್ಳುತ್ತಿದ್ದವಳಿಗೆ, ನಡೆಯುತ್ತಿದ್ದವಳಿಗೆ ದರವೇ ಬಿದ್ದುಹೋಯಿತು. ಎರಡೂ ಗುಂಪು ಒಂದೇ ಥರ ಅಲ್ಲ, ಪಾಸ್ ಇದ್ದವರಿಗೆ ಸಾಮಾನ್ಯವಾಗಿ ಕಾಯಂ ಕೆಲಸ ಇರುತ್ತದೆ. ಆದ್ದರಿಂದ ಮನೆಯಿಂದ ಕೆಲಸದ ಜಾಗಕ್ಕೆ ಇರುವ ದೂರ ಮತ್ತು ಕೆಲಸದ ಬಗೆ ನೋಡಿ, ಸರಿಸಮಾನರನ್ನು ಜೋಡಿಸಿ ಹೋಲಿಸಿ.

ಇದಕ್ಕೆ ಸಮೀಕ್ಷೆ ಬೇಕೇ ಬೇಕು. ‘ಶಕ್ತಿಯಿಂದ ಅನುಕೂಲ ಆಯ್ತಾಮ್ಮ?’ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ‘ನಿನ್ನೆ ಬೆಳಿಗ್ಗೆಯಿಂದ ಎಲ್ಲೆಲ್ಲಿಗೆ ಹೋದ್ರಿ, ಯಾವುದರಲ್ಲಿ, ಎಷ್ಟು ಹೊತ್ತಾಯ್ತು?’ ಅಂತ ಒಂದೊಂದಾಗಿ ಬರೆದುಕೊಳ್ಳಿ. 2023ರಲ್ಲಿ ವಾರಕ್ಕೆ ಎಷ್ಟು ಸಲ ಬಸ್ ಹತ್ತುತ್ತಿದ್ದಿರಿ ಅಂದರೆ ನೆನಪಿರುವುದಿಲ್ಲ. ಪಾಸ್ ಮಾಡಿಸಿದ್ರಾ ಅಂದರೆ ನೆನಪಿರುತ್ತದೆ.

ಬಸ್ ಸ್ಟಾಪಿನಲ್ಲಿ ನಿಂತು ಕೇಳಿದರೆ ವಾರಕ್ಕೆ 12 ಸಲ ಹತ್ತುವವಳು ನಿಮ್ಮ ಕೈಗೆ ಸಿಗುವ ಸಾಧ್ಯತೆ ವಾರಕ್ಕೆ 2 ಸಲ ಹತ್ತುವವಳಿಗಿಂತ ಆರು ಪಟ್ಟು. ಸರಾಸರಿ ತೆಗೆಯುವಾಗ ಮೊದಲನೆಯವಳಿಗೆ ಹನ್ನೆರಡರಲ್ಲಿ ಒಂದು, ಎರಡನೆಯವಳಿಗೆ ಎರಡರಲ್ಲಿ ಒಂದು ತೂಕ ಕೊಡಿ. ಬಸ್ಸೇ ಬರದ ಬಡಾವಣೆಯವರು ಸ್ಟಾಪಿನಲ್ಲಿ ಸಿಗುವುದೇ ಇಲ್ಲ. ಅವರಿಗಾಗಿ ಕಾಲು ಭಾಗ ಸಂದರ್ಶನವನ್ನು ಮನೆ ಬಾಗಿಲಲ್ಲಿ ಮಾಡಿ, ಫಲಿತಾಂಶ ಬೇರೆಯಾಗಿಯೇ ಬರೆಯಿರಿ. 400 ಜನರನ್ನು ಕೇಳಿದರೆ ದೋಷ, ಅಂದರೆ ಉತ್ತರ ಆಚೀಚೆ ಆಗಬಹುದಾದ ಅಂತರ, ಶೇ. 5ರ ಹತ್ತಿರ ಅಂತ ಪಾಠದಲ್ಲಿ ಓದಿರುತ್ತೀರಿ. ಒಂದೊಂದು ಸ್ಟಾಪಿನಲ್ಲಿ 20 ಜನರಂತೆ 20 ಸ್ಟಾಪ್ ಮಾಡಿದರೆ ಆ ಮಾತು ನಿಲ್ಲುವುದಿಲ್ಲ, ಯಾಕೆಂದರೆ ಒಂದೇ ಸ್ಟಾಪಿನವರ ಉತ್ತರ ಒಂದಕ್ಕೊಂದು ಹೋಲುತ್ತದೆ. ಆ ಹೋಲಿಕೆಯ ಪ್ರಮಾಣ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲರದೂ ಒಂದೇ ಉತ್ತರ) 0.05 ಇದ್ದರೂ ನಿಮ್ಮ 400 ಜನ 205 ಜನರಿಗೆ ಸಮ, ದೋಷ ಶೇ. 7ರ ಹತ್ತಿರ. 40 ಸ್ಟಾಪ್, ತಲಾ 10 ಜನ ಮಾಡಿದರೆ ದೋಷ ಶೇ. 6ಕ್ಕೆ ಇಳಿಯುತ್ತದೆ. ಓಡಾಟ ಜಾಸ್ತಿ, ಆದರೆ ಮಾಡಿ.

ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು, ಶುಲ್ಕ 10 ರೂಪಾಯಿ. ಎಲ್ಲವನ್ನೂ ಒಂದರಲ್ಲಿ ತುರುಕಿದರೆ ತಿರಸ್ಕಾರಕ್ಕೆ ನೀವೇ ಕಾರಣ ಕೊಟ್ಟಂತೆ. ಮೂರು ಅರ್ಜಿ ಮಾಡಿ: ಡಿಪೊವಾರು ದಿನವಾರು ಟಿಕೆಟ್, ಬಗೆವಾರು ಪಾಸ್ ಮಾರಾಟ ಮತ್ತು ಒಂದು ಪಾಸಿಗೆ ದಿನಕ್ಕೆ ಎಷ್ಟು ಪ್ರಯಾಣ ಅಂತ ಅಂದಾಜು ಹಾಕುತ್ತಾರೆ ಅನ್ನುವ ಅಂಕಿ, ಓಡಿಸಿದ ಶೆಡ್ಯೂಲ್ (ಒಂದು ಬಸ್ಸಿಗೆ ದಿನಕ್ಕೆ ಗೊತ್ತುಮಾಡಿದ ಓಟ) ಮತ್ತು ಕಿಲೋಮೀಟರ್. ಏಪ್ರಿಲ್ 2022ರಿಂದ ಕೇಳಿ. ಅದಕ್ಕಿಂತ ಹಿಂದೆ ಹೋದರೆ 2021ರ ಲಾಕ್‌ಡೌನ್, 2022ರ ಜನವರಿಯ ವಾರಾಂತ್ಯ ಕರ್ಫ್ಯೂ ಸೇರಿ, ಶಕ್ತಿ ಮಾಡದ ಏರಿಕೆಯೂ ಅದರ ಖಾತೆಗೆ ಬೀಳುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಮೂರು ತಿಂಗಳ ಪ್ರಬಂಧಕ್ಕೆ ಇದು ಇವತ್ತೇ ಹಾಕಬೇಕಾದ ಅರ್ಜಿ.

ಹೆಂಗಸರ ಕೆಲಸ, ಮನೆಖರ್ಚು ಅಂತ ವಿಸ್ತರಿಸಲು ಹೋಗಬೇಡಿ. 2023ರ ಆಗಸ್ಟ್ 30ಕ್ಕೆ ಮನೆಯ ಯಜಮಾನಿಗೆ ತಿಂಗಳಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾಯಿತು. ಶಕ್ತಿಯ ಪರಿಣಾಮವನ್ನಷ್ಟೇ ನೋಡಲು ಎರಡು ಯೋಜನೆಯ ನಡುವೆ ಸಿಗುವುದು ಹನ್ನೊಂದು ವಾರ, ಅದರಲ್ಲೂ ಜೂನ್ ಅಂದರೆ ಶಾಲೆ ಕಾಲೇಜು ಶುರುವಾಗುವ ಕಾಲ. ಅಕ್ಟೋಬರ್ 9ಕ್ಕೆ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮೆಟ್ರೊ ಕೊಂಡಿ ತೆರೆಯಿತು, ವೈಟ್‌ಫೀಲ್ಡ್ ಕಡೆಯ ಮಾರ್ಗಗಳನ್ನು ಆ ದಿನದಿಂದ ಬೇರೆ ಇಡಿ.

ಸಾಫ್ಟ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎಕ್ಸೆಲ್ ಸಾಕು. ಮೊದಲು ಟಿಕೆಟ್ ಮತ್ತು ಪಾಸ್ ಎರಡರ ಗೆರೆಯನ್ನೂ ಒಂದೇ ಚಿತ್ರದಲ್ಲಿ ಎಳೆಯಿರಿ.

ಗಂಡಸರ ಟಿಕೆಟ್ ನೋಡಲೇಬೇಕು ಅನ್ನಿಸಿದರೆ 2025ನ್ನು ನೋಡಿ. ಜನವರಿ 5ಕ್ಕೆ ಬಸ್ ದರ ಶೇ. 15 ಏರಿತು, ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಫೆಬ್ರವರಿ 9ಕ್ಕೆ ಮೆಟ್ರೊ ದರ ಏರಿ ಲೆಕ್ಕ ಕಲಸಿಹೋಗುತ್ತದೆ. ನಡುವಿನ 35 ದಿನ ನಿಮಗೆ ಸಿಗುತ್ತದೆ, ಅದರೊಳಗೆ ಸಂಕ್ರಾಂತಿ ವಾರವನ್ನು ಬಿಡಿ. ತಿಂಗಳವಾರು ಅಂಕಿ ಇದ್ದರೆ ಇದು ಆಗುವುದಿಲ್ಲ, ದಿನವಾರು ಕೇಳಿ ಅಂದದ್ದು ಅದಕ್ಕೇ. ಆಗಲೂ ಪಾಸ್ ಮಾರಾಟದ ಪಟ್ಟಿ ಪಕ್ಕದಲ್ಲಿರಲಿ: ದರ ಏರಿದಾಗ ಟಿಕೆಟ್ ಬಿಟ್ಟ ಗಂಡಸು ಬಸ್ಸನ್ನೇ ಬಿಟ್ಟಿರಬಹುದು, ಪಾಸ್ ಮಾಡಿಸಿಕೊಂಡೂ ಇರಬಹುದು.