ನೆಲಕ್ಕೆ ಬಡಿದ ಉರಿ ಮೇಲೆ ಬರುವುದು ಹೇಗೆ?

ಪ್ರಶ್ನೆ: ನಮ್ಮ ವಿದ್ಯಾರ್ಥಿ ತಂಡ ಕಟ್ಟಿದ ಪುಟ್ಟ ಲ್ಯಾಂಡರ್ ಮಾದರಿಯನ್ನು ಕ್ರೇನಿಗೆ ಎತ್ತರದಲ್ಲಿ ತೂಗುಹಾಕಿ ಎಂಜಿನ್ ಉರಿಸಿದಾಗ ಏನೂ ತೊಂದರೆಯಾಗಲಿಲ್ಲ. ನೆಲದ ಹತ್ತಿರಕ್ಕೆ ಇಳಿಸಿ ಉರಿಸಿದಾಗ ಕಾಲಿಗೆ ಕಟ್ಟಿದ್ದ ವೈರುಗಳು ಕರಗಿಹೋದವು. ಉರಿ ಕೆಳಮುಖವಾಗಿಯೇ ಇತ್ತಲ್ಲ ಸರ್?

ಉತ್ತರ: ಎತ್ತರದಲ್ಲಿ ನೀವು ಪರೀಕ್ಷಿಸಿದ್ದು ಬರೀ ಎಂಜಿನ್ನನ್ನು. ಲ್ಯಾಂಡರಿನ ಪರೀಕ್ಷೆ ಶುರುವಾದದ್ದು ನೆಲದ ಹತ್ತಿರ ಬಂದಾಗಲೇ. ವೈರು ಹೋಯಿತೆಂದು ಬೇಸರಪಡಬೇಡಿ, ತಿಳಿಯಬೇಕಾದದ್ದೇ ತಿಳಿಯಿತು.

ನಾಜಲಿನಿಂದ, ಅಂದರೆ ಎಂಜಿನ್ನಿನ ಉರಿ ಹೊರಬರುವ ಬಾಯಿಯಿಂದ, ನುಗ್ಗಿದ ಅನಿಲ ನೆಲಕ್ಕೆ ಬಡಿದು, ನೆಲವನ್ನೇ ಹಿಡಿದು ಸುತ್ತಲೂ ಹರಡುತ್ತದೆ. ಆ ದಾರಿಯಲ್ಲೇ ನಿಮ್ಮ ಕಾಲುಗಳು ನಿಂತಿವೆ. ಎಂಜಿನ್‌ಗಳು ಒಂದಕ್ಕಿಂತ ಹೆಚ್ಚಿದ್ದರೆ ಇನ್ನೂ ಕಷ್ಟ: ಎದುರುಬದುರು ಹರಿದ ಬಿಸಿ ಅನಿಲ ನಡುವೆ ಡಿಕ್ಕಿಯಾಗಿ, ಕಾರಂಜಿಯಂತೆ ಚಿಮ್ಮಿ ಟ್ಯಾಂಕಿನ ತಳಕ್ಕೇ ತಾಗುತ್ತದೆ. ಸಾಮಾನ್ಯವಾಗಿ ಎಂಜಿನ್‌ಗೆ ಇಂಧನವನ್ನು ತುಸು ಹೆಚ್ಚಾಗಿಯೇ ಊಡಿಸುತ್ತಾರೆ. ಉರಿಯದೆ ಉಳಿದ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಹೊರಗಿನ ಗಾಳಿ ಸಿಕ್ಕೊಡನೆ ಮತ್ತೆ ಹೊತ್ತಿಕೊಳ್ಳುತ್ತವೆ. ಗಾಳಿಯಿಲ್ಲದ ಚಂದ್ರನಲ್ಲಿ ಈ ಎರಡನೇ ಉರಿಯ ಕಾಟವಿಲ್ಲ.

ನಾಸಾದ ಮಾರ್ಫಿಯಸ್ ಲ್ಯಾಂಡರ್ ಮೀಥೇನ್ ಮತ್ತು ದ್ರವ ಆಮ್ಲಜನಕದಿಂದ ಹಾರುತ್ತಿತ್ತು. 2011ರಲ್ಲಿ ಅದನ್ನು ಕ್ರೇನಿಗೆ ಕಟ್ಟಿ ಪರೀಕ್ಷಿಸುವಾಗ ಸುತ್ತಲಿನ ಹುಲ್ಲಿಗೇ ಬೆಂಕಿ ಬಿತ್ತು. 2012ರ ಆಗಸ್ಟಿನಲ್ಲಿ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ ಮೇಲೇಳುತ್ತಿದ್ದಂತೆಯೇ ಅದು ಉರುಳಿಬಿದ್ದು ನಾಶವಾಯಿತು. ಉಡಾವಣೆಯ ಸದ್ದು, ಕಂಪನಗಳ ಮೇಲೆ ಅನುಮಾನ ಬಂದಿತ್ತು. ಅವನ್ನು ತಗ್ಗಿಸಲು ಮುಂದಿನ ನೌಕೆಗೆ ಜ್ವಾಲೆ ಹರಿದುಹೋಗುವಂತೆ ನೆಲದಲ್ಲಿ ಕಾಲುವೆ ಮಾಡಿದರು. ಒಳ್ಳೆಯ ಉಪಾಯವೇ. ಆದರೆ ಕಾಲುವೆ ಇರುವುದು ಏಳುವ ಜಾಗದಲ್ಲಿ, ಇಳಿಯುವ ಕಡೆ ಸಮತಟ್ಟು ನೆಲವೇ. ಕೊನೆಯ ಒಂದೆರಡು ಮೀಟರನ್ನು ನೌಕೆ ನಿಧಾನವಾಗಿ ಇಳಿದಷ್ಟೂ ಹೆಚ್ಚು ಹೊತ್ತು ಬೇಯುತ್ತದೆ. ಅದನ್ನು ಪರೀಕ್ಷಿಸದೆ ಬಿಡಲೇಬಾರದು.

ಬರಿಯ ಕಾಂಕ್ರೀಟ್ ಮೇಲೆ ಉರಿಸಬೇಡಿ. ಒಳಗಿನ ತೇವ ಆವಿಯಾಗಿ ಚಕ್ಕೆಗಳು ಸಿಡಿದು ನೌಕೆಗೇ ಬಡಿಯುತ್ತವೆ. ಮೇಲೆ ದಪ್ಪ ಉಕ್ಕಿನ ತಗಡು ಹಾಸಿ, ಅಲುಗದಂತೆ ಬಿಗಿಯಿರಿ.

ಎಂಜಿನ್ ಉರಿಸಿ ಪರೀಕ್ಷಿಸುವ ಟೆಸ್ಟ್ ಸ್ಟ್ಯಾಂಡಿನಲ್ಲಿ ದುಡಿದ ನನಗೆ ಹೆಚ್ಚು ಭಯ ಎಂಜಿನ್ ಆರಿದ ಮೇಲಿನ ಹೊತ್ತಿನದು. ಉರಿಯುವಾಗ ಅನೇಕ ಎಂಜಿನ್‌ಗಳಲ್ಲಿ ಇಂಧನವೇ ಗೋಡೆಯನ್ನು ತಣಿಸುತ್ತಿರುತ್ತದೆ. ಅದು ನಿಂತೊಡನೆ ನಾಜಲಿನ ಕಾವು ಮೇಲಕ್ಕೆ ಹತ್ತಿ ಇಂಧನ ಚಿಮ್ಮಿಸುವ ಇಂಜೆಕ್ಟರ್, ವಾಲ್ವಿನ ರಬ್ಬರ್ ಸೀಲುಗಳನ್ನು ಮುಟ್ಟುತ್ತದೆ. ಪೈಪಿನಲ್ಲಿ ಉಳಿದ ಹನಿ ಇಂಧನ ಸಣ್ಣ ಹಳದಿ ಜ್ವಾಲೆಯಾಗಿ ಉರಿಯುತ್ತಲೇ ಇರುತ್ತದೆ, ವೈರು ಕರಗಲು ಅಷ್ಟೇ ಸಾಕು. ಆರಿಸಿದ ಕೂಡಲೇ ನೈಟ್ರೋಜನ್ ಹಾಯಿಸಿ ಪೈಪ್ ಖಾಲಿ ಮಾಡಿ. ಹತ್ತಿರ ಯಾರೂ ಹೋಗಕೂಡದು.

ವೈರುಗಳನ್ನು ಕಾಲಿನ ಹೊರಮೈಗೆ, ಆದಷ್ಟು ಮೇಲಕ್ಕೆ ಸರಿಸಿ, ಗಾಜಿನ ನಾರಿನ ಕವಚ ತೊಡಿಸಿ. ಕಾಲು, ಟ್ಯಾಂಕಿನ ತಳ, ವಾಲ್ವುಗಳ ಮೇಲೆ ಬಿಸಿಗೆ ಬಣ್ಣ ಬದಲಿಸುವ ಸ್ಟಿಕರ್ ಅಂಟಿಸಿ. ಯಾವ ಜಾಗ ಎಷ್ಟು ಬಿಸಿಯಾಗಿತ್ತೆಂದು ಆಮೇಲೂ ಓದಬಹುದು. ತಾಪ ಅಳೆಯುವ ಥರ್ಮೋಕಪಲ್ ಇದ್ದರೆ ಎಂಜಿನ್ ಆರಿದ ಮೇಲೂ ಕೆಲವು ನಿಮಿಷ ದಾಖಲಿಸುತ್ತಲೇ ಇರಿ. ವಾಲ್ವಿನ ಗರಿಷ್ಠ ತಾಪ ಬಹುಪಾಲು ಆಗಲೇ ಸಿಗುತ್ತದೆ.