ಕೆಂಪು ಟೋಪಿಯ ಅಣಬೆ, ಕಿತ್ತಳೆ ರೆಕ್ಕೆಯ ಚಿಟ್ಟೆ

ಪ್ರಶ್ನೆ: ಫ್ಲೈ ಅಗಾರಿಕ್ ಎಂಬ ಕಾಡಿನ ಅಣಬೆಗೆ ಕೆಂಪು ಟೋಪಿ, ಅದರ ಮೇಲೆ ಬಿಳಿ ಚುಕ್ಕೆ, ಮೊನಾರ್ಕ್ ಚಿಟ್ಟೆಗೆ ಕಿತ್ತಳೆ ರೆಕ್ಕೆ, ಅದರ ಕಪ್ಪು ಅಂಚಿನಲ್ಲಿ ಬಿಳಿ ಚುಕ್ಕೆ. ಎರಡರಲ್ಲೂ ವಿಷವಿದೆ ಎಂದು ಓದಿದ್ದೇನೆ. ಹಾಗಾದರೆ ಎರಡರ ಬಣ್ಣವೂ ‘ನನ್ನನ್ನು ತಿನ್ನಬೇಡ’ ಎಂಬ ಒಂದೇ ಎಚ್ಚರಿಕೆಯೇ? ಅಥವಾ ಗಿಡದ ಜಾತಿಗೆ ಸೇರಿದ ಅಣಬೆಯನ್ನು ಪ್ರಾಣಿಯೊಂದಿಗೆ ಹೋಲಿಸುವುದೇ ತಪ್ಪೇ?

ಉತ್ತರ: ಹೋಲಿಸುವುದು ಖಂಡಿತ ತಪ್ಪಲ್ಲ. ಆದರೆ ನಿಮ್ಮ ಕಣ್ಣಿಗೆ ಬಿದ್ದ ಹೋಲಿಕೆ ಮೇಲುಮೇಲಿನದು. ನಿಜವಾದ ನಂಟು ಕಣ್ಣಿಗೆ ಕಾಣದ ಕಡೆ ಇದೆ.

ಮೊದಲು ಆ ಬಿಳಿ ಚುಕ್ಕೆಗಳನ್ನೇ ಹತ್ತಿರದಿಂದ ನೋಡೋಣ. ನೆಲದಿಂದ ಮೇಲೇಳುವ ಎಳೆಯ ಅಣಬೆ ಮೊಟ್ಟೆಯಂತೆ ಗುಂಡಗಿದ್ದು, ಬಿಳಿಯ ಪೊರೆಯೊಂದರೊಳಗೆ ಪೂರ್ತಿ ಮುಚ್ಚಿಕೊಂಡಿರುತ್ತದೆ. ಒಳಗಿನ ಟೋಪಿ ಹಿಗ್ಗಿದಂತೆ ಪೊರೆ ಹರಿದು, ಅದರ ಚೂರುಗಳು ಕೆಂಪು ಮೈಗೆ ಅಂಟಿಕೊಂಡು ಉಳಿಯುತ್ತವೆ; ಜೋರು ಮಳೆ ಬಂದರೆ ತೊಳೆದೇ ಹೋಗುತ್ತವೆ. ಮೊನಾರ್ಕ್‌ನ ಚುಕ್ಕೆಗಳಾದರೋ ಹೆಂಚು ಹೊದಿಸಿದಂತೆ ಸಾಲಾಗಿ ಕೂತ ಸೂಕ್ಷ್ಮ ಹುರುಪೆಗಳ ಬಣ್ಣ, ರೆಕ್ಕೆಯ ವಿನ್ಯಾಸದ್ದೇ ಭಾಗ.

ವಿಷದ ಮೂಲವೂ ಬೇರೆ. ನರಮಂಡಲವನ್ನು ಕೆಡಿಸುವ ಐಬೋಟೆನಿಕ್ ಆಮ್ಲವನ್ನು ಅಣಬೆ ತಾನೇ ತಯಾರಿಸುತ್ತದೆ. ಚಿಟ್ಟೆಯ ವಿಷ ಎರವಲು ತಂದದ್ದು: ಎಕ್ಕದ ಬಳಗಕ್ಕೆ ಸೇರಿದ ಮಿಲ್ಕ್‌ವೀಡ್ ಗಿಡದ ಎಲೆಯನ್ನು ಮೇಯುವ ಮರಿಹುಳು, ಅದರ ಹಾಲಿನಲ್ಲಿರುವ, ಹೃದಯಕ್ಕೆ ಅಪಾಯಕಾರಿಯಾದ ಕಾರ್ಡೆನೊಲೈಡ್‌ಗಳನ್ನು ಮೈಯಲ್ಲಿ ಕೂಡಿಟ್ಟುಕೊಂಡು ಚಿಟ್ಟೆಯ ಹಂತಕ್ಕೂ ದಾಟಿಸುತ್ತದೆ. ಅಂಥ ಚಿಟ್ಟೆಯನ್ನು ನುಂಗಿ ವಾಂತಿ ಮಾಡಿಕೊಂಡ ನೀಲಿ ಜೇ ಹಕ್ಕಿ ಮತ್ತೆ ಆ ಬಣ್ಣದ ಗೊಡವೆಗೆ ಹೋಗುವುದಿಲ್ಲ ಎಂಬುದನ್ನು 1960ರ ದಶಕದಲ್ಲಿ ಲಿಂಕನ್ ಬ್ರೋವರ್ ಪ್ರಯೋಗಗಳಿಂದ ತೋರಿಸಿದರು. ಅಲ್ಲಿ ಬಣ್ಣ ನಿಜಕ್ಕೂ ಎಚ್ಚರಿಕೆಯೇ. ಅಣಬೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಫ್ಲೈ ಅಗಾರಿಕ್‌ಗಿಂತ ಎಷ್ಟೋ ಪಾಲು ಮಾರಕವಾದ ಡೆತ್ ಕ್ಯಾಪ್ ಇದೇ ಅಮಾನಿಟಾ ಕುಲದ್ದು. ಅದರ ಬಣ್ಣ ಮಂಕು ಹಸಿರು, ನೋಡಲು ತೀರ ಸಾಧು. ಆದ್ದರಿಂದ ಬಣ್ಣ ನೋಡಿ ಅಣಬೆಯನ್ನು ತಿನ್ನಬಹುದೇ ಎಂದು ದಯವಿಟ್ಟು ಯಾರೂ ನಿರ್ಧರಿಸಬೇಡಿ.

ಇನ್ನು ‘ಗಿಡದ ಜಾತಿ’ ಎಂಬ ಮಾತು. ಅಣಬೆ ಗಿಡವಲ್ಲ, ವಂಶವೃಕ್ಷದಲ್ಲಿ ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರ. ಅಣಬೆಯ ಕೋಶಭಿತ್ತಿಯಲ್ಲಿರುವುದು ಗಿಡಗಳ ಸೆಲ್ಯುಲೋಸ್ ಅಲ್ಲ, ಕೈಟಿನ್. ಚಿಟ್ಟೆಯ ಮೈಕವಚ, ರೆಕ್ಕೆ, ಹುರುಪೆಗಳಲ್ಲಿರುವುದೂ ಅದೇ ಕೈಟಿನ್. ಎರಡೂ ಶಕ್ತಿಯನ್ನು ಪಿಷ್ಟವಾಗಿ ಅಲ್ಲ, ಗ್ಲೈಕೋಜನ್ ಆಗಿ ಕೂಡಿಡುತ್ತವೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಹೋಲಿಕೆ ಬದುಕಿನ ಕ್ರಮದ್ದು. ನಾವು ಅಣಬೆ ಎಂದು ಕರೆಯುವುದು ಬೀಜಕಗಳನ್ನು ಚೆಲ್ಲಲು ಕೆಲವೇ ದಿನ ಮೇಲೆದ್ದ ಅಂಗ; ಚಿಟ್ಟೆಯೂ ಸಂತಾನಕ್ಕಾಗಿ ರೆಕ್ಕೆ ತೊಟ್ಟ ಕೊನೆಯ ಹಂತ. ಹೊಟ್ಟೆ ತುಂಬಿಸಿಕೊಂಡು ಬೆಳೆಯುವ ಕೆಲಸವನ್ನು ಒಂದರಲ್ಲಿ ಮಣ್ಣೊಳಗಿನ ಎಳೆಗಳ ಬಲೆ, ಇನ್ನೊಂದರಲ್ಲಿ ಎಲೆ ಮೇಯುವ ಮರಿಹುಳು ಮೊದಲೇ ಮಾಡಿ ಮುಗಿಸಿರುತ್ತವೆ. ವ್ಯತ್ಯಾಸ ಇಷ್ಟೇ: ಚಿಟ್ಟೆ ಮೂಡುವ ಹೊತ್ತಿಗೆ ಮರಿಹುಳು ಇರುವುದಿಲ್ಲ, ಅಣಬೆ ಕೊಳೆತುಹೋದ ಮೇಲೂ ಆ ಬಲೆ ಬರ್ಚ್ ಅಥವಾ ಪೈನ್ ಮರದ ಬೇರಿಗೆ ಸುತ್ತಿಕೊಂಡು, ಮರಕ್ಕೆ ನೀರು ಖನಿಜಗಳನ್ನು ಕೊಟ್ಟು ಸಕ್ಕರೆ ಪಡೆಯುತ್ತ ವರ್ಷಗಟ್ಟಲೆ ಬದುಕುತ್ತದೆ.