20 ಲಕ್ಷದೊಳಗೆ ಮನೆಮಂದಿಗೆಲ್ಲ ಒಗ್ಗುವ ಎಲೆಕ್ಟ್ರಿಕ್ ಕಾರು ಯಾವುದು?

ಬೆಂಗಳೂರಿನಲ್ಲಿ ವಾಸ, ಮನೆಯಲ್ಲಿ ಐದು ಜನ, ಅವರಲ್ಲಿ ಒಬ್ಬರು ವಯಸ್ಸಾದ ಅತ್ತೆ. ದಿನಕ್ಕೆ ನಲವತ್ತು ಕಿಲೋಮೀಟರ್ ಓಡಾಟ, ತಿಂಗಳಿಗೊಮ್ಮೆ ಶಿರಾಡಿ ಘಟ್ಟ ಇಳಿದು ಪುತ್ತೂರಿಗೆ. ಟಾಟಾ ನೆಕ್ಸಾನ್ ಇವಿ, ಎಂಜಿ ವಿಂಡ್ಸರ್, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಈ ಮೂರರಲ್ಲಿ ಯಾವುದು, ಇಲ್ಲವೇ ಪೆಟ್ರೋಲ್ ಕಾರೇ ವಾಸಿಯೇ ಎಂದು ಕೇಳಿದ್ದೀರಿ. ನಮ್ಮ ಮನೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ. ಊರು ಉಪ್ಪಿನಂಗಡಿಯ ಹತ್ತಿರ, ಜೊತೆಗೆ ಮಂಡಿನೋವಿನ ಅಮ್ಮ, ಓದುವ ಇಬ್ಬರು ಮಕ್ಕಳು. ನಾಲ್ಕು ತಿಂಗಳು ಹುಡುಕಾಡಿ 2025ರ ಜುಲೈನಲ್ಲಿ ವಿಂಡ್ಸರಿನ ದೊಡ್ಡ ಬ್ಯಾಟರಿಯ ಮಾದರಿಯಾದ ವಿಂಡ್ಸರ್ ಪ್ರೋ ಕೊಂಡೆವು. ಆದ್ದರಿಂದ ನನ್ನ ಮಾತಿನಲ್ಲಿ ಆ ಕಾರಿನ ಕಡೆಗೆ ಸ್ವಲ್ಪ ಒಲವು ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ನೀವು ಬರೆದಿರುವುದರಲ್ಲಿ ಒಂದು ವಿಷಯ ಕಾಣಲಿಲ್ಲ: ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿ ನಿಮ್ಮದೇ ಮೀಟರಿನ ಪ್ಲಗ್ ಇದೆಯೇ? ಯಾವ ಕಾರು ಎಂಬುದು ಅದರ ನಂತರದ ಮಾತು. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲ ಇದ್ದರೆ ಈ ಮೂರರಲ್ಲಿ ಯಾವುದನ್ನು ಕೊಂಡರೂ ನೀವು ಸುಖವಾಗಿರುತ್ತೀರಿ. ಇಲ್ಲದಿದ್ದರೆ ಅತ್ಯುತ್ತಮ ಎಲೆಕ್ಟ್ರಿಕ್ ಕಾರೂ ವಾರಕ್ಕೆರಡು ಸಲ ನಿಮ್ಮನ್ನು ಎಲ್ಲೋ ಒಂದು ಕಡೆ ಮುಕ್ಕಾಲು ಗಂಟೆ ಕೂರಿಸುತ್ತದೆ. ಅಂಥ ಪರಿಸ್ಥಿತಿಯಲ್ಲಿರುವವರಿಗೆ ನಾನು ಎಲೆಕ್ಟ್ರಿಕ್ ಕಾರನ್ನು ಹೇಳುವುದೇ ಇಲ್ಲ. ಮಾರುತಿ ಗ್ರ್ಯಾಂಡ್ ವಿಟಾರಾ, ಟೊಯೊಟಾ ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಓಡುತ್ತಲೇ ಚಾರ್ಜ್ ಆಗುವ ಬ್ಯಾಟರಿ, ಮೋಟಾರು ಇರುವ) ಮಾದರಿ ನೋಡಿ ಎನ್ನುತ್ತೇನೆ. ನಗರದ ಸಂಚಾರದಲ್ಲಿ ಅವು ಲೀಟರಿಗೆ ಇಪ್ಪತ್ತರ ಆಸುಪಾಸು ಕೊಡುತ್ತವೆ, ಪ್ಲಗ್ಗಿನ ಹಂಗಿಲ್ಲ.

ಪ್ಲಗ್ ಎಂದರೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ. ಗೀಸರಿಗೆ ಹಾಕುವಂಥ ದೊಡ್ಡ ಸಾಕೆಟ್ಟಿನಿಂದ, ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರಿನಲ್ಲಿ ಗಂಟೆಗೆ ಸುಮಾರು ಮೂರು ಯೂನಿಟ್ ಒಳಗೆ ಹೋಗುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಿಟ್ಟರೆ ನೂರೈವತ್ತು ಕಿಲೋಮೀಟರಿಗೆ ಸಾಕು. ದಿನಕ್ಕೆ ನಲವತ್ತು ಓಡಿಸುವವರಿಗೆ ಅದು ಧಾರಾಳ. ಆದರೆ ಅರ್ಥಿಂಗ್ ಸರಿಯಿರಬೇಕು.

ಇದನ್ನು ನಾವು ಮೊದಲ ರಾತ್ರಿಯೇ ಕಲಿತೆವು. ಪೂಜೆ ಮುಗಿಸಿ ಕಾರು ಮನೆಗೆ ತಂದು ಚಾರ್ಜರಿನ ಗನ್ ಕಾರಿಗೆ ಸಿಕ್ಕಿಸಿದರೆ ಹಸಿರು ದೀಪ ಬರುವ ಜಾಗದಲ್ಲಿ ಕೆಂಪು ಮಿಟುಕಿತು. ಎರಡು ಸಲ ತೆಗೆದು ಹಾಕಿದೆ, ಮತ್ತೆ ಕೆಂಪು. ಕಾರೇ ಕೆಟ್ಟಿದೆ ಎಂದು ನನ್ನ ಹೆಂಡತಿಗೆ ಅಳುವೇ ಬಂದಿತ್ತು. ಮರುದಿನ ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಿಡಿದು, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಇರಬಾರದಷ್ಟು ವೋಲ್ಟೇಜ್ ಇದೆ ಎಂದು ತೋರಿಸಿದರು. ಇಪ್ಪತ್ತು ವರ್ಷದ ಹಿಂದೆ ಮನೆ ಕಟ್ಟುವಾಗ ತೋಡಿದ ಅರ್ಥಿಂಗ್ ಗುಂಡಿ ಒಣಗಿ ಹೋಗಿತ್ತು. ಕಾಂಪೌಂಡಿನ ಮೂಲೆಯಲ್ಲಿ ಹೊಸ ಗುಂಡಿ ತೋಡಿ, ಸಲಾಕೆ ಇಳಿಸಿ, ಇದ್ದಿಲು ಉಪ್ಪು ತುಂಬಿ, ನಾಲ್ಕು ಬಿಂದಿಗೆ ನೀರು ಹೊಯ್ದರು. ಮೀಟರ್ ಬೋರ್ಡಿನಿಂದ ಪಾರ್ಕಿಂಗಿಗೆ ಬೇರೆಯೇ ದಪ್ಪ ತಾಮ್ರದ ತಂತಿ ಎಳೆದು, ಅದಕ್ಕೆ ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ಎಂಸಿಬಿ ಒಂದು, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಒಂದು ಕೂರಿಸಿದರು. ಸಂಜೆ ಗನ್ ಹಾಕಿದಾಗ ಹಸಿರು ಬಂತು. ಚಾರ್ಜರ್ ಅಷ್ಟು ದಿನ ಯಾರೂ ಗಮನಿಸದ ಅಪಾಯವನ್ನು ನಮಗೆ ಹೇಳಿತ್ತು. ಅದೇ ಅರ್ಥಿಂಗ್ ಮೇಲೆ ನಮ್ಮ ಗೀಸರ್ ಇಷ್ಟು ವರ್ಷ ನಡೆದಿತ್ತಲ್ಲ ಎಂದು ಈಗಲೂ ನೆನೆದರೆ ಎದೆ ಝಲ್ಲೆನ್ನುತ್ತದೆ.

ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬುಕಿಂಗಿಗೆ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ‘ಆಮೇಲೆ ನೋಡೋಣ’ ಎಂಬ ಬಾಯಿಮಾತನ್ನು ನಂಬಿ ಕಾರು ತಂದು ಆರು ತಿಂಗಳು ಪರದಾಡಿದವರು ನನ್ನ ಕಚೇರಿಯಲ್ಲೇ ಇಬ್ಬರಿದ್ದಾರೆ.

ಇನ್ನು ಕರೆಂಟ್ ಬಿಲ್. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ಸೊನ್ನೆ ಬಿಲ್ ಬರುತ್ತಿತ್ತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಎಂಬ ನಿಯಮ ನಿಮಗೆ ಗೊತ್ತಿರುತ್ತದೆ. ತಿಂಗಳಲ್ಲಿ ನಗರದೊಳಗಿನ ಸಾವಿರ ಕಿಲೋಮೀಟರಿಗೆ, ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ, ಕಾರು 160 ಯೂನಿಟ್ ಕುಡಿಯುತ್ತದೆ. ಮನೆಯ 110 ಸೇರಿದರೆ ಮಿತಿ ದಾಟಿತು. ಈಗ ನಮ್ಮ ಬಿಲ್ 2,200 ರೂಪಾಯಿಯ ಆಸುಪಾಸು. ಶೋರೂಮಿನಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲ. ಹಾಗಿದ್ದರೂ ಹಳೆಯ ಪೆಟ್ರೋಲ್ ಕಾರು ಅಷ್ಟೇ ಓಡಾಟಕ್ಕೆ ತಿಂಗಳಿಗೆ ಎಂಟು ಸಾವಿರ ನುಂಗುತ್ತಿತ್ತು, ಹಾಗಾಗಿ ಉಳಿತಾಯ ಉಳಿತಾಯವೇ. ವಾಹನ ಚಾರ್ಜಿಂಗಿಗೆಂದೇ ಪ್ರತ್ಯೇಕ ಮೀಟರ್ ಪಡೆಯಲು ಬೆಸ್ಕಾಂನಲ್ಲಿ ಅವಕಾಶವಿದೆ. ನಿಮ್ಮ ಮನೆಗೂ ಗೃಹಜ್ಯೋತಿ ಇದ್ದರೆ ಕಾರು ಬರುವ ಮುನ್ನವೇ ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಈಗ ಕಾರುಗಳಿಗೆ ಬರೋಣ. ನಾವು ಮೂರು ಶೋರೂಮಿಗೂ ಅಮ್ಮನನ್ನು ಕರೆದುಕೊಂಡು ಹೋದೆವು. ನೀವೂ ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ, ನಾಲ್ಕು ಪುಟದ ವಿವರಪಟ್ಟಿ ಹೇಳದ್ದನ್ನು ಅವರು ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ಕೂತು ಹೇಳುತ್ತಾರೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿ ಕಾಲಿನ ಕೆಳಗಿರುವುದರಿಂದ ಕೆಲವು ಮಾದರಿಗಳಲ್ಲಿ ನೆಲ ಎತ್ತರವಾಗಿ, ಮಂಡಿ ಮೇಲಕ್ಕೆ ಬಂದು, ತೊಡೆಗೆ ಆಧಾರವೇ ಸಿಗುವುದಿಲ್ಲ. ಗಂಟೆಗಟ್ಟಲೆ ಹಾಗೆ ಕೂತರೆ ಸೊಂಟ ಹಿಡಿಯುತ್ತದೆ. ನೆಕ್ಸಾನಿನಲ್ಲಿ ಅಮ್ಮ ಸುಮ್ಮನೆ ಕೂತಿದ್ದರು, ಏನೂ ಹೇಳಲಿಲ್ಲ. ಕ್ರೆಟಾದಲ್ಲಿ ‘ಪರವಾಗಿಲ್ಲ’ ಎಂದರು. ವಿಂಡ್ಸರಿನಲ್ಲಿ ಚಪ್ಪಲಿ ಬಿಟ್ಟು ಕಾಲು ಚಾಚಿದರು. ಅದರ ಹಿಂದಿನ ಸೀಟು 135 ಡಿಗ್ರಿವರೆಗೆ ಒರಗುತ್ತದೆ, ಮೂರು ಜನರಿಗೆ ಅಗಲವೂ ಸಾಕಷ್ಟಿದೆ. ನಮ್ಮ ತೀರ್ಮಾನ ಬಹುಪಾಲು ಅಲ್ಲೇ ಆಯಿತು.

ಡಿಕ್ಕಿಯ ವಿಷಯ ನಿಮ್ಮಂಥ, ನಮ್ಮಂಥ ಊರಿನವರಿಗೆ ಸಣ್ಣದಲ್ಲ. ಹೋಗುವಾಗ ಎರಡು ಬ್ಯಾಗ್, ಬರುವಾಗ ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ, ಮಳೆಗಾಲದ ಹೊತ್ತಿಗೆ ಹಲಸು. ನೆಕ್ಸಾನಿನ ಡಿಕ್ಕಿ 350 ಲೀಟರ್, ಕ್ರೆಟಾದ್ದು 433, ವಿಂಡ್ಸರ್ ಪ್ರೋದ್ದು 579. ಜೊತೆಗೆ, ನೀವು ಕೊಳ್ಳುವ ಮಾದರಿಯಲ್ಲಿ ಸ್ಟೆಪ್ನಿ ಇದೆಯೇ, ಬರೀ ಪಂಕ್ಚರ್ ಕಿಟ್ ಇದೆಯೇ ಎಂದು ಡಿಕ್ಕಿಯ ಹಾಸು ಎತ್ತಿಯೇ ನೋಡಿ. ಘಟ್ಟದಲ್ಲಿ ಟಯರಿನ ಪಕ್ಕೆ ಹರಿದರೆ ಕಿಟ್ ಕೈಕೊಡುತ್ತದೆ.

ದೂರದ ಲೆಕ್ಕ. ಕಂಪನಿಗಳು ಹೇಳುವ ಅಂಕಿ ಪರೀಕ್ಷಾಗಾರದ್ದು. 45 ಯೂನಿಟ್ ಬ್ಯಾಟರಿಯ ನೆಕ್ಸಾನಿಗೆ (ನೆಕ್ಸಾನ್ 45) 489 ಕಿಲೋಮೀಟರ್, 52.9 ಯೂನಿಟ್ ಬ್ಯಾಟರಿಯ ವಿಂಡ್ಸರ್ ಪ್ರೋಗೆ 449, ಬಿಡುಗಡೆಯ ಹೊತ್ತಿಗೆ ಕ್ರೆಟಾದ 42 ಯೂನಿಟ್ ಬ್ಯಾಟರಿಗೆ 390, 51.4ಕ್ಕೆ 473 ಎಂದಿತ್ತು. ದೊಡ್ಡ ಬ್ಯಾಟರಿಯ ವಿಂಡ್ಸರಿಗಿಂತ ಚಿಕ್ಕ ಬ್ಯಾಟರಿಯ ನೆಕ್ಸಾನ್ ಹೆಚ್ಚು ಓಡುತ್ತದೆ ಎನ್ನುವ ಈ ಅಂಕಿಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ನಾನು ಬ್ಯಾಟರಿಯ ಯೂನಿಟ್ಟನ್ನು ಹೆದ್ದಾರಿಗಾದರೆ ಆರರಿಂದ, ನಗರಕ್ಕಾದರೆ ಏಳರಿಂದ ಗುಣಿಸುತ್ತೇನೆ. ಗಂಟೆಗೆ ತೊಂಬತ್ತರ ಒಳಗೆ ಇದ್ದರೆ ಆ ಲೆಕ್ಕ ನಿಲ್ಲುತ್ತದೆ. ನೆಲಮಂಗಲದಿಂದ ಹಾಸನದವರೆಗಿನ ನಾಲ್ಕು ಪಥದಲ್ಲಿ 110 ಹಿಡಿದರೆ ಯೂನಿಟ್ಟಿಗೆ ಐದಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಿದ್ದೇನೆ.

ಘಟ್ಟದ ಬಗ್ಗೆ ನಿಮಗಿರುವ ಭಯ ನನಗೂ ಇತ್ತು. ಮೊದಲ ಪ್ರಯಾಣದ ಚೀಟಿ ಇನ್ನೂ ಕಾರಿನಲ್ಲಿದೆ: ಮನೆಯಿಂದ ಹೊರಟಾಗ ಶೇಕಡಾ 100, ಹಾಸನದಲ್ಲಿ 44. ಅಲ್ಲಿ ತಿಂಡಿಗೆ ಕೂತ ಇಪ್ಪತ್ತೈದು ನಿಮಿಷಕ್ಕೆ 70. ಸಕಲೇಶಪುರದಲ್ಲಿ 58. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗಿನ ಸುಮಾರು 26 ಕಿಲೋಮೀಟರ್ ಘಟ್ಟ ಇಳಿದು ಗುಂಡ್ಯದಲ್ಲಿ ನೋಡಿದರೆ 59! ಹಿಂದಿನ ಸೀಟಿನಿಂದ ಮಗಳು ಎರಡು ಸಲ ಓದಿ ಹೇಳಿದಳು. ಇಳಿಜಾರಿನಲ್ಲಿ ಮೋಟಾರು ಡೈನಮೋ ಆಗಿ, ನಾವು ಬ್ರೇಕಿನಲ್ಲಿ ಸುಡುತ್ತಿದ್ದ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಬರುವಾಗ ಅದರ ಬೆಲೆ ತೆರಬೇಕು. ಜನ, ಸಾಮಾನು ಸೇರಿ ಎರಡು ಟನ್ ತೂಕವನ್ನು 800 ಮೀಟರ್ ಮೇಲಕ್ಕೆತ್ತಲು ನಾಲ್ಕೂವರೆ ಯೂನಿಟ್ಟಿನಷ್ಟು ಶಕ್ತಿ ಬೇಕು, ಅದು ರಸ್ತೆಯ ಓಟಕ್ಕೆ ಬೇಕಾದದ್ದರ ಮೇಲೆ. ನಮ್ಮ ಕಾರಿಗೆ ಆ 26 ಕಿಲೋಮೀಟರ್ ಏರಲು ಶೇಕಡಾ 15 ಹಿಡಿಯುತ್ತದೆ. ಇದನ್ನು ತಿಳಿದುಕೊಂಡರೆ ಭಯಕ್ಕೆ ಕಾರಣವಿಲ್ಲ. ಸಕಲೇಶಪುರದ ಕಡೆ ಉಳಿದುಕೊಂಡು ಮರುದಿನ ಇಳಿಯುವವರು ಮಾತ್ರ ನೂರಕ್ಕೆ ನೂರು ತುಂಬಿಸಿಕೊಂಡು ಹೊರಡಬಾರದು, ತುಂಬಿದ ಬ್ಯಾಟರಿಗೆ ಇನ್ನಷ್ಟು ಹಿಡಿಯುವುದಿಲ್ಲ.

ಮಳೆಗಾಲದ ಮಾತು ಬೇರೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ದಾರಿಯೇ ಮುಚ್ಚಿದ್ದು ನಿಮಗೆ ನೆನಪಿರಬಹುದು. ಸಕಲೇಶಪುರಕ್ಕೆ ಬಂದ ಮೇಲೆ ಮೂಡಿಗೆರೆ ಸುತ್ತಿ ಚಾರ್ಮಾಡಿಯಲ್ಲಿ ಇಳಿಯಬೇಕಾಗಿ ಬಂದರೆ ಬ್ಯಾಟರಿಯಲ್ಲಿ ಹೆಚ್ಚುವರಿ ಚಾರ್ಜ್ ಉಳಿದಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹಾಸನದಲ್ಲಿ 80 ಆಗುವವರೆಗೆ ಏಳುವುದಿಲ್ಲ. ಹೆದ್ದಾರಿಯ ಚಾರ್ಜರುಗಳನ್ನು ನಂಬಿ, ಆದರೆ ಒಂದನ್ನೇ ನಂಬಬೇಡಿ. ಒಮ್ಮೆ ಒಂದು ಹೋಟೆಲಿನ ಅಂಗಳದಲ್ಲಿ ಇದ್ದ ಒಂದೇ ಯಂತ್ರ ಕೆಟ್ಟು ನಿಂತಿತ್ತು, ಆ್ಯಪಿನಲ್ಲಿ ಮಾತ್ರ ಸರಿಯಿದೆ ಎಂದೇ ತೋರಿಸುತ್ತಿತ್ತು. ಅಂದಿನಿಂದ ಎರಡು ಗನ್ ಇರುವ, ಹಿಂದಿನ ದಿನವಾದರೂ ಯಾರೋ ಬಳಸಿದ ದಾಖಲೆಯಿರುವ ಜಾಗಕ್ಕೇ ಹೋಗುತ್ತೇನೆ, ಇಪ್ಪತ್ತು ಕಿಲೋಮೀಟರ್ ಮುಂದೆ ಇನ್ನೊಂದನ್ನು ಗುರುತು ಹಾಕಿಟ್ಟುಕೊಂಡಿರುತ್ತೇನೆ.

ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. 2024ರ ಸೆಪ್ಟೆಂಬರಿನಲ್ಲಿ ವಿಂಡ್ಸರ್ ಬಂದಾಗ 9.99 ಲಕ್ಷ ಮತ್ತು ಕಿಲೋಮೀಟರಿಗೆ 3.5 ರೂಪಾಯಿ ಎಂದಿತ್ತು. ಬ್ಯಾಟರಿ ಸಹಿತ ಬೆಲೆ ಆಗ ಸುಮಾರು ಮೂರೂವರೆ ಲಕ್ಷ ಹೆಚ್ಚಿತ್ತು. ಅಂದರೆ ಒಂದು ಲಕ್ಷ ಕಿಲೋಮೀಟರಿಗೆ ಎರಡೂ ಸಮ. ಊರಿನ ಪ್ರಯಾಣವೂ ಸೇರಿ ನೀವು ತಿಂಗಳಿಗೆ 1,600 ಓಡಿಸುತ್ತೀರಿ, ಐದು ವರ್ಷ ಚಿಲ್ಲರೆಯಲ್ಲಿ ಆ ಗಡಿ ಮುಟ್ಟುತ್ತೀರಿ, ಆಮೇಲಿನದೆಲ್ಲ ನಷ್ಟ. ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಮನೆಗೆ ಅದು ಬೇಡ. ಕಡಿಮೆ ಓಡಿಸುವವರೂ ಕನಿಷ್ಠ ಕಿಲೋಮೀಟರಿನ ಷರತ್ತು ಇದೆಯೇ ಎಂದು ಕೇಳಿಯೇ ಸಹಿ ಹಾಕಬೇಕು. ಬ್ಯಾಟರಿಗೆ ‘ಜೀವಮಾನದ ವಾರಂಟಿ’ ಎಂದಾಗಲೂ ಹಾಗೆಯೇ: ಮೊದಲ ಮಾಲೀಕರಿಗೆ ಮಾತ್ರವೇ, ಎಷ್ಟು ವರ್ಷ ಎಂದು ಬರೆಸಿಕೊಳ್ಳಿ.

ತೆರಿಗೆಯ ಲೆಕ್ಕವನ್ನು ಹಳೆಯ ಲೇಖನಗಳಿಂದ ತೆಗೆದುಕೊಳ್ಳಬೇಡಿ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 18ಕ್ಕೆ ಇಳಿದ ಮೇಲೆ, 5ರಲ್ಲೇ ಉಳಿದ ಎಲೆಕ್ಟ್ರಿಕ್ ಕಾರುಗಳ ಜೊತೆಗಿನ ಅಂತರ ಕುಗ್ಗಿದೆ. ರಾಜ್ಯದ ಆಜೀವ ತೆರಿಗೆಯ ನಿಯಮವೂ ಬದಲಾಗುತ್ತಿರುತ್ತದೆ. ಆನ್‌ರೋಡ್ ಬೆಲೆಯನ್ನು ಆ ವಾರದ ದಿನಾಂಕ ಹಾಕಿಸಿ ಕಾಗದದಲ್ಲಿ ಪಡೆಯಿರಿ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಅತ್ತೆಯವರು ಪ್ರತಿ ತಿಂಗಳೂ ಜೊತೆಗೆ ಬರುವುದಾದರೆ ವಿಂಡ್ಸರ್ ಪ್ರೋ. ಅವರು ಅಪರೂಪಕ್ಕೆ ಬರುವುದಾದರೆ, ಕಿರಿದಾದ ರಸ್ತೆಯಲ್ಲಿ ಮನೆ ಇದ್ದರೆ ನೆಕ್ಸಾನ್ 45: ಗಾತ್ರ ಅಡಕ, ನೆಕ್ಸಾನ್ ಇವಿ 2024ರಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದಿದೆ, ಮಕ್ಕಳಿರುವ ಮನೆಗೆ ಅದು ದೊಡ್ಡ ಸಮಾಧಾನ. ಕ್ರೆಟಾ ಎಲೆಕ್ಟ್ರಿಕ್ ಓಡಿಸಲು ಮೂರರಲ್ಲಿ ನನಗೆ ಹೆಚ್ಚು ಇಷ್ಟವಾಯಿತು, ನುಣುಪಾದ ಕಾರು. ಆದರೆ 2025ರ ಜನವರಿಯಲ್ಲಿ ಬಿಡುಗಡೆಯಾದಾಗ ಬೆಲೆ 17.99 ಲಕ್ಷದಿಂದ ಶುರುವಾಗಿ, ದೊಡ್ಡ ಬ್ಯಾಟರಿಯದು 20 ದಾಟಿತ್ತು. ಘಟ್ಟದ ದಾರಿಗೆ 42 ಯೂನಿಟ್ಟಿನದನ್ನು ನಾನು ಆರಿಸುವುದಿಲ್ಲ. ಮುಂದೆ ಆರು ಏಳು ಜನ ಒಟ್ಟಿಗೆ ಹೋಗುವುದಿದ್ದರೆ ಮಾತ್ರ ಬಜೆಟ್ ಸ್ವಲ್ಪ ಎಳೆದು ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ ನೋಡಿ.

ಬುಕಿಂಗ್ ಹಣ ಕೊಡುವ ಮುಂಚೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಅಳೆಸಿ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗಕ್ಕೆ ಎಷ್ಟು ದೂರ, ಮನೆಯ ಮಂಜೂರಾದ ಲೋಡ್ ಎಷ್ಟು ಎಂದು ಇಲ್ಲೇ ಕೆಳಗೆ ಬರೆಯಿರಿ. ನಮ್ಮ ಮನೆಗೆ ಹಾಕಿಸಿದ ತಂತಿಯ ದಪ್ಪ, ಸ್ವಿಚ್ಚುಗಳ ವಿವರ, ಆದ ಖರ್ಚು ಎಲ್ಲವನ್ನೂ ಬಿಲ್ ನೋಡಿ ತಿಳಿಸುತ್ತೇನೆ.